ಟೀವಿಗೆ ಎದ್ದು ನಿಂತ ತರಗತಿ

ನಾನು ಸಂಶಯದ ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಸ್ಸು ಹತ್ತುವ ಮೊದಲು ಬೋರ್ಡು ಓದುತ್ತೇನೆ, ಹತ್ತಿದ ಮೇಲೆ ಕಂಡಕ್ಟರನ್ನು ಕೇಳುತ್ತೇನೆ, ಅವನು ಹೌದು ಎಂದ ಮೇಲೂ ಪಕ್ಕದಲ್ಲಿ ಕುಳಿತವರನ್ನು ಇನ್ನೊಮ್ಮೆ ಕೇಳುತ್ತೇನೆ. ನನ್ನ ಗಂಡ ಇದನ್ನು ರೋಗ ಅನ್ನುತ್ತಾರೆ. ರೋಗವೇ ಆದರೆ ಅದು ಮನೆತನದ್ದು, ಅಪ್ಪನ ಕಡೆಯಿಂದ ಬಂದದ್ದು.

ಅಪ್ಪ ಹಿರಿಯೂರು ತಾಲ್ಲೂಕಿನ ಆದಿವಾಲದಲ್ಲಿ ಬೇಸಾಯ ಮಾಡಿಕೊಂಡಿದ್ದವರು. ಸರ್ಕಾರದ ಬಗ್ಗೆ ಅವರಿಗೆ ದ್ವೇಷವೇನೂ ಇರಲಿಲ್ಲ. ಓಟು ತಪ್ಪಿಸುತ್ತಿರಲಿಲ್ಲ, ಧ್ವಜ ಹಾರಿಸುವ ದಿನ ಶಾಲೆಯ ಮುಂದೆ ಹೋಗಿ ನಿಲ್ಲುತ್ತಿದ್ದರು. ಆದರೆ ಸರ್ಕಾರ ಏನನ್ನಾದರೂ ಬಿಟ್ಟಿ ಕೊಡುತ್ತದೆ ಎಂದರೆ ಮಾತ್ರ ಅವರ ಹುಬ್ಬು ಗಂಟಾಗುತ್ತಿತ್ತು. "ನಾವು ಕೇಳಿದ್ದನ್ನ ಕೊಟ್ರೆ ಅದು ಕೊಟ್ಟಂಗೆ. ಕೇಳ್ದೆ ಇರಾದನ್ನ ತಂದು ಮನೆ ಬಾಗ್ಲಿಗೆ ಇಟ್ರೆ, ಹಿಂಬಾಗ್ಲಲ್ಲಿ ಏನೋ ಹೊತ್ಕಂಡು ಹೋಗ್ತಾವ್ರೆ ಅಂತ ನೋಡ್ಬೇಕು" ಅನ್ನುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಹಿರಿಯೂರಿಗೆ ಪಿಯುಸಿ ಓದಲು ಹೋಗುತ್ತಿದ್ದಾಗ ಊರಿನ ಪಂಚಾಯ್ತಿ ಕಟ್ಟೆಯ ಕೋಣೆಗೆ ಸರ್ಕಾರದಿಂದ ಒಂದು ಟೀವಿ ಬಂತು. ರೈತರಿಗೆ ಸಂಜೆ ಹೊತ್ತು ಕೃಷಿ ಪಾಠ ತೋರಿಸಲಿಕ್ಕೆ ಅಂತೆ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ಆಮೇಲೆ ಚಿತ್ರ ಕೆಳಗಿನಿಂದ ಮೇಲಕ್ಕೆ ಉರುಳಲು ಶುರುವಾಯಿತು. ಪಾಠ ಹೇಳುವ ವಿಜ್ಞಾನಿಯ ಕಾಲು ಮೇಲೆ, ತಲೆ ಕೆಳಗೆ. ಯಾರು ಗುದ್ದಿದರೂ ನಿಲ್ಲಲಿಲ್ಲ. ಒಂದು ದಿನ ಜೀಪಿನಲ್ಲಿ ಸಾಹೇಬರೊಬ್ಬರು ಬಂದರು. ಟೀವಿ ಹೇಗಿದೆ, ಪಾಠ ಉಪಯೋಗ ಆಗುತ್ತಿದೆಯೇ ಎಂದು ನಿಜವಾದ ಕಾಳಜಿಯಿಂದಲೇ ಕೇಳಿದರು. ಕಟ್ಟೆಯ ಮೇಲೆ ಕುಳಿತ ಅಷ್ಟೂ ಗಂಡಸರು ಒಟ್ಟಿಗೆ, "ಚೆನ್ನಾಗೈತೆ ಸಾರ್" ಅಂದರು. ನಮ್ಮಪ್ಪನ ದನಿ ಎಲ್ಲರಿಗಿಂತ ದೊಡ್ಡದಾಗಿತ್ತು.

ಸಾಹೇಬರು ಖುಷಿಯಾಗಿ ಹೋದರು. ಮನೆಗೆ ಬಂದ ಮೇಲೆ ನಾನು ಅಪ್ಪನನ್ನು ಹಿಡಿದುಕೊಂಡೆ. ಕೆಟ್ಟಿದೆ ಅಂದಿದ್ದರೆ ರಿಪೇರಿ ಮಾಡಿಸುತ್ತಿದ್ದರಲ್ಲ ಎಂದೆ.

"ಕೆಟ್ಟೈತೆ ಅಂದ್ರೆ ಕೆಡಿಸಿದ್ಯಾರು ಅಂತಾರೆ" ಅಂದರು ಅಪ್ಪ. "ಆಮೇಲೆ ಆ ಟೀವಿ ಬೀಗ ಹಾಕೋ ಪಾಪದ ಮನುಷ್ಯನ್ನ ಹಿಡ್ಕಂತಾರೆ. ಜೀಪಲ್ಲಿ ಬಂದೋರಿಗೆ ಎಲ್ಲಾ ಚೆನ್ನಾಗೈತೆ ಅಂದು ಕಳಿಸಿಬಿಡ್ಬೇಕಮ್ಮ. ನಮ್ಮೋರು ಉಳ್ಕಂತಾರೆ."

ಟೀವಿ ಉರುಳುತ್ತಲೇ ಇದ್ದು ಒಂದು ದಿನ ಸತ್ತುಹೋಯಿತು. ಅಪ್ಪ ಹೇಳಿದ್ದು ನನಗೆ ಸರಿಯಾಗಿಯೇ ಕಂಡಿತ್ತು.

ಇದೆಲ್ಲ ನೆನಪಾಗುವುದು ಮುಂದೆ ನಡೆದದ್ದರಿಂದ. ಎಂ.ಎ. ಮುಗಿಸಿ, ಮದುವೆಯಾಗಿ ಚಿತ್ರದುರ್ಗಕ್ಕೆ ಬಂದು, ಜೋಗಿಮಟ್ಟಿ ರಸ್ತೆಯಲ್ಲಿ ಬಾಡಿಗೆ ಮನೆ ಮಾಡಿದ ಮೇಲೆ ನನಗೆ ಹೊಸದುರ್ಗದ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವ ಕೆಲಸ ಸಿಕ್ಕಿತು. ಅಲ್ಲಿ ಕಾಯಂ ಆಗಿದ್ದ ಮೇಷ್ಟ್ರು ಬೆಂಗಳೂರಿಗೆ ವರ್ಗ ಮಾಡಿಸಿಕೊಂಡು ಹೋಗಿದ್ದರು. ಆ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ನಾನು ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಪರೀಕ್ಷೆಗೆ ಮುಂಚೆ ನನ್ನ ಕೆಲಸ ಮುಗಿಯುತ್ತಿತ್ತು, ಮಳೆಗಾಲದಲ್ಲಿ ಮತ್ತೆ ಶುರುವಾಗುತ್ತಿತ್ತು. ಶುರುವಾಗುತ್ತದೋ ಇಲ್ಲವೋ ಎಂದು ನಡುವಿನ ತಿಂಗಳುಗಳಲ್ಲಿ ದಿನಾ ಪ್ರಿನ್ಸಿಪಾಲರ ಫೋನಿಗೆ ಕಾಯುವುದು. ಅತಿಥಿಯನ್ನು ಹೀಗೆ ನಡೆಸಿಕೊಂಡರೆ ನಮ್ಮ ಕಡೆ ಯಾರೂ ಎರಡನೇ ಸಲ ಆ ಮನೆಗೆ ಹೋಗುವುದಿಲ್ಲ. ನಾನು ಹೋಗುತ್ತಿದ್ದೆ. ಪಾಠ ಮಾಡುವುದೆಂದರೆ ನನಗೆ ಅಷ್ಟು ಇಷ್ಟ.

ಚಿತ್ರದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ. ಬೆಳಗಿನ ಖಾಸಗಿ ಬಸ್ಸು. ನಾನು ಯಾವಾಗಲೂ ಎಡಗಡೆಯ ಕಿಟಕಿಯ ಸೀಟು ಹಿಡಿಯುತ್ತಿದ್ದೆ. ಅದಕ್ಕೆ ಒಂದು ಕಾರಣವಿತ್ತು. ಹೊಳಲ್ಕೆರೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಕ್ರಾಸಿನಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ಹತ್ತುತ್ತಿದ್ದಳು. ಅವಳ ಅಪ್ಪ ದಿನಾ ಜೊತೆಗೆ ಬಂದು ನಿಲ್ಲುತ್ತಿದ್ದರು. ಬಸ್ಸು ನಿಂತ ಕೂಡಲೇ ಮಗಳನ್ನು ಹತ್ತಿಸುತ್ತಿರಲಿಲ್ಲ. ಮೊದಲು ಕಿಟಕಿಯಲ್ಲಿ ನನ್ನ ಮುಖ ಹುಡುಕುತ್ತಿದ್ದರು. ಕಂಡಿತೆಂದರೆ, "ಮೇಡಂ ಅವ್ರೆ, ಹತ್ತು" ಅನ್ನುತ್ತಿದ್ದರು. ನಾನು ರಜೆ ಹಾಕಿದ ದಿನ ಅವಳಿಗೂ ರಜೆ.

ಹಳ್ಳಿಯಲ್ಲಿ ಅವರಿಗೆ ಜನ ಏನೇನು ಹೇಳಿದ್ದರೋ ಗೊತ್ತಿಲ್ಲ. ಹುಡುಗಿಯನ್ನು ಡಿಗ್ರಿಗೆ ಕಳಿಸುವುದಾದರೆ ದಾರಿಯಲ್ಲಿ ಒಬ್ಬ ಹೆಂಗಸು ಜೊತೆಗಿರಬೇಕು, ಆ ಹೆಂಗಸು ಕಾಲೇಜಿನಲ್ಲೂ ಇರಬೇಕು, ಇದು ಅವರು ತಮ್ಮ ಮನಸ್ಸಿಗೆ ಹಾಕಿಕೊಂಡ ಕಟ್ಟಳೆ. ಒಂದು ಸಲ ನನಗೆ ನೇರವಾಗಿಯೇ ಹೇಳಿದ್ದರು: "ನೀವು ಇರಾಗಂಟ ಕಳಿಸ್ತೀನಿ ಮೇಡಂ. ಆಮೇಲೆ ನೋಡಾಣ."

ಹುಡುಗಿ ಹತ್ತುವಷ್ಟರಲ್ಲಿ ಬಸ್ಸು ತುಂಬಿರುತ್ತಿತ್ತು. ನಿಂತವರ ಬ್ಯಾಗು ಕುಳಿತವರ ಮಡಿಲಿಗೆ ಬರುವುದು ನಮ್ಮ ಬಸ್ಸುಗಳ ಪದ್ಧತಿ. ಅವಳ ಬ್ಯಾಗು ನನ್ನ ಮಡಿಲಿಗೆ. ನೇರಳೆ ಬಣ್ಣದ ಬ್ಯಾಗು, ಜಿಪ್ಪು ಹಾಳಾಗಿ ಆ ಜಾಗದಲ್ಲಿ ಸಾಲಾಗಿ ಪಿನ್ನು ಚುಚ್ಚಿದ್ದಳು. ಅವು ನನ್ನ ಸೀರೆಗೆ ಸಿಕ್ಕಿಕೊಳ್ಳುತ್ತಿದ್ದವು. "ಈ ಬ್ಯಾಗಿಗೆ ಒಂದು ಜಿಪ್ಪು ಹಾಕ್ಸೇ, ನನ್ ಸೀರೆಗಳೆಲ್ಲ ನಿನ್ ಪಿನ್ನಿಗೇ ಹೋದ್ವು" ಎಂದು ನಾನು ಗೊಣಗುವುದು, "ಈ ವಾರ ಹಾಕಿಸ್ತೀನಿ ಮೇಡಂ" ಎಂದು ಅವಳು ನಗುವುದು, ಹೊಸದುರ್ಗ ಬರುವುದು. ಹೀಗೆ ನಡೆದಿತ್ತು.

ಎರಡು ಸಾವಿರದ ದಶಕದ ಮಧ್ಯದಲ್ಲಿ ನಮ್ಮ ಕಾಲೇಜಿನ ತಾರಸಿಯ ಮೇಲೆ ಒಂದು ದೊಡ್ಡ ತಟ್ಟೆ ಬಂದು ಕುಳಿತಿತು. ಉಪಗ್ರಹ ಪಾಠದ ಡಿಶ್ ಅದು. ಕೆಳಗೆ ಅರ್ಥಶಾಸ್ತ್ರದ ತರಗತಿ ಸೋರುತ್ತಿತ್ತು. ಸೋರುವ ಸೂರನ್ನು ರಿಪೇರಿ ಮಾಡಿ ಎಂದು ನಾವು ಕೇಳುತ್ತಲೇ ಇದ್ದೆವು. ಸೂರು ಹಾಗೇ ಉಳಿಯಿತು, ಅದರ ಮೇಲೆ ಡಿಶ್ ಬಂತು. ಅಪ್ಪನ ಹುಬ್ಬು ನನ್ನ ಮುಖದಲ್ಲಿ ಗಂಟಾಯಿತು.

ಪ್ರಿನ್ಸಿಪಾಲರು ನಮ್ಮನ್ನೆಲ್ಲ ಕೂರಿಸಿಕೊಂಡು ಸುತ್ತೋಲೆ ಓದಿದರು. ಗ್ರಾಮೀಣ ವಿದ್ಯಾರ್ಥಿಗಳಿಗೆ ನಗರದ ಗುಣಮಟ್ಟದ ಶಿಕ್ಷಣ. ಬೆಂಗಳೂರಿನ ಸ್ಟುಡಿಯೋದಲ್ಲಿ ಪರಿಣತರು ಪಾಠ ಮಾಡುತ್ತಾರೆ, ಎಲ್ಲ ತಾಲ್ಲೂಕುಗಳಲ್ಲಿ ಅದೇ ಹೊತ್ತಿಗೆ ಮಕ್ಕಳು ನೋಡುತ್ತಾರೆ, ಮೈಕು ಹಿಡಿದು ಪ್ರಶ್ನೆ ಕೇಳಬಹುದು. ಮುಂದೆ ಕಂಪ್ಯೂಟರು, ಇಂಟರ್ನೆಟ್ಟು ಬಂದಾಗ ಇಡೀ ವಿಷಯವನ್ನೇ ಆನ್‌ಲೈನ್ ಕೋರ್ಸ್ ಆಗಿ ಓದಬಹುದು. ಮೊದಲ ಹಂತದಲ್ಲಿ ಉಪನ್ಯಾಸಕರ ಹುದ್ದೆ ಖಾಲಿ ಇರುವ ವಿಷಯಗಳು.

"ಖಾಲಿ ಅಂದ್ರೆ? ನಾನು ಇದೀನಲ್ಲ ಸಾರ್" ಎಂದೆ.

"ನೀವು ಇದೀರಮ್ಮ. ಹುದ್ದೆ ಖಾಲಿ ಐತೆ" ಅಂದರು ಪ್ರಿನ್ಸಿಪಾಲರು. ಅವರು ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಾಗಿದ್ದ ಸುಸ್ತಾದ ಮನುಷ್ಯ. "ನಿಮಗೆ ಸಹಾಯಕ್ಕೆ ಅಂತ ಬಂದಿರಾದು ಇದು. ತಲೆ ಕೆಡಿಸ್ಕಬೇಡ್ರಿ."

ಸಹಾಯ ಎಂಬ ಪದ ಕೇಳಿದ್ದೇ ನನ್ನ ತಲೆ ಪೂರ್ತಿ ಕೆಟ್ಟಿತು. ಇಷ್ಟು ಒಳ್ಳೆಯ ಪಾಠವಾದರೆ ಬೆಂಗಳೂರಿನ ದೊಡ್ಡ ಕಾಲೇಜುಗಳಿಗೆ ಯಾಕೆ ಹಾಕುವುದಿಲ್ಲ? ಅಲ್ಲಿಯ ಮಕ್ಕಳಿಗೆ ಮನುಷ್ಯರು ಬೇಕು, ನಮ್ಮ ಮಕ್ಕಳಿಗೆ ಮನುಷ್ಯರ ಚಿತ್ರ ಸಾಕೇ? ಇದನ್ನು ಆ ಸಭೆಯಲ್ಲಿ ಕೇಳಬೇಕೆಂದುಕೊಂಡೆ. ಅತಿಥಿಯಾದ್ದರಿಂದ ಕೇಳಲಿಲ್ಲ. ಮನೆಗೆ ಬಂದು ಗಂಡನ ಮುಂದೆ ಕೇಳಿದೆ. ಅವರು ಊಟ ಮಾಡುತ್ತಾ ತಲೆಯಾಡಿಸಿದರು.

ಈ ಉಪಗ್ರಹ ಪಾಠಕ್ಕೆ ಸಂಯೋಜಕರಾಗಿ ನೇಮಕವಾದವರು ನಮ್ಮ ಚರಿತ್ರೆಯ ಮೇಷ್ಟ್ರು. ಕಾಯಂ ನೌಕರಿಯವರು, ನನ್ನ ಹಾಗೆಯೇ ಚಿತ್ರದುರ್ಗದಿಂದ ಓಡಾಡುವವರು. ಬೆಂಗಳೂರಿಗೆ ತರಬೇತಿಗೆ ಹೋಗಿ, ಹೆಗಲಿಗೆ ಒಂದು ಹೊಸ ಬ್ಯಾಗು ಹಾಕಿಕೊಂಡು ಬಂದರು. ಟೀವಿ ಕೋಣೆಯ ಕೀಲಿಕೈ ಅವರ ಅಂಗಿಯ ಜೇಬಿನಲ್ಲಿ. ಬೆಂಗಳೂರಿಗೆ ಫೋನು ಮಾಡುವವರೂ ಅವರೇ. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಫೋನಿನಲ್ಲಿ ಅವರ ದನಿ ಇಳಿಯುತ್ತಿತ್ತು. ಒಂದು ದಿನ ಬಸ್ಸಿನಲ್ಲಿ ತಾವು ಎದ್ದು ನನಗೆ ಸೀಟು ಕೊಟ್ಟರು. ಇವರಿಗೆ ನನ್ನ ಮೇಲೆ ಇದ್ದಕ್ಕಿದ್ದಂತೆ ಯಾಕಿಷ್ಟು ಪ್ರೀತಿ ಎಂದು ನಾನು ಆ ಸೀಟಿನಲ್ಲಿ ಕುಳಿತು ಹೊಳಲ್ಕೆರೆಯವರೆಗೂ ಯೋಚಿಸಿದೆ.

ಮೊದಲ ಪಾಠದ ದಿನ ನನಗೆ ಚೆನ್ನಾಗಿ ನೆನಪಿದೆ. ಪರದೆಯ ಮೇಲೆ ಕೋಟು ಹಾಕಿದ, ಬಿಳಿ ಕೂದಲಿನ ಒಬ್ಬ ಪ್ರಾಧ್ಯಾಪಕರು ಕಾಣಿಸಿಕೊಂಡರು. ಕಾಣಿಸಿಕೊಂಡ ಕೂಡಲೇ ನಮ್ಮ ಮಕ್ಕಳೆಲ್ಲ ಎದ್ದು ನಿಂತರು. ಮೇಷ್ಟ್ರು ಬಂದರೆ ಎದ್ದು ನಿಲ್ಲಬೇಕು, ಅವರು ಕುಳಿತುಕೊಳ್ಳಿ ಅನ್ನುವವರೆಗೆ ಕೂರಬಾರದು. ಒಂದನೇ ಕ್ಲಾಸಿನಿಂದ ಮೈಗೆ ಹತ್ತಿದ ಅಭ್ಯಾಸ. ಪರದೆಯ ಮೇಷ್ಟ್ರು ಕುಳಿತುಕೊಳ್ಳಿ ಅನ್ನಲಿಲ್ಲ. ಅವರಿಗೆ ಇವರು ಕಾಣಿಸುವುದೇ ಇಲ್ಲವಲ್ಲ. ಅವರು ಬೇಡಿಕೆಯ ನಿಯಮ ಶುರು ಮಾಡಿದರು, ಇವರು ನಿಂತೇ ಇದ್ದರು. ಕೊನೆಗೆ ನಾನು "ಕುಂತ್ಕಳ್ರೋ" ಅಂದೆ. ಅನುಮಾನದಿಂದ ಒಮ್ಮೆ ಟೀವಿ ಕಡೆ, ಒಮ್ಮೆ ನನ್ನ ಕಡೆ ನೋಡಿ ಕುಳಿತರು.

ಚರಿತ್ರೆಯ ಮೇಷ್ಟ್ರು ಇದನ್ನು ಬೆಂಗಳೂರಿಗೆ ಫೋನು ಮಾಡಿ ಹೇಳಿರಬೇಕು. ಮುಂದಿನ ವಾರ ಆ ಪ್ರಾಧ್ಯಾಪಕರು ಮೊದಲಿಗೇ, "ನಮಸ್ಕಾರ ಮಕ್ಕಳೇ, ಎಲ್ಲರೂ ಕುಳಿತುಕೊಳ್ಳಿ" ಅಂದರು. ಒಳ್ಳೆಯ ಮನುಷ್ಯ. ಪಾಠವೂ ಕೆಟ್ಟದ್ದಲ್ಲ. ಅರ್ಧ ಗೊತ್ತಿದ್ದವರಿಗೆ ಮಿಕ್ಕರ್ಧ ಸೊಗಸಾಗಿ ಅರ್ಥವಾಗುವಂತಿತ್ತು. ನಮ್ಮ ಮಕ್ಕಳಿಗೆ ಆ ಮೊದಲಿನರ್ಧ ಇರಲಿಲ್ಲ. ಗೆರೆ ಮೇಲಿನಿಂದ ಕೆಳಕ್ಕೆ ಇಳಿಯುತ್ತಿತ್ತು, ಇನ್ನೊಂದು ಗೆರೆ ಅದನ್ನು ಕತ್ತರಿಸುತ್ತಿತ್ತು, ಇವರು ಅದೇ ಗೆರೆಗಳನ್ನು ನಿಷ್ಠೆಯಿಂದ ಬರೆದುಕೊಳ್ಳುತ್ತಿದ್ದರು. ನಡುವೆ ಕರೆಂಟು ಹೋಗುತ್ತಿತ್ತು. ಬರುವಷ್ಟರಲ್ಲಿ ಗೆರೆಗಳು ಬೇರೆಯಾಗಿರುತ್ತಿದ್ದವು.

ಪಾಠದ ಕೊನೆಯಲ್ಲಿ ಅವರು ಒಂದೊಂದೇ ಊರಿನ ಹೆಸರು ಹಿಡಿದು ಕೇಳುತ್ತಿದ್ದರು: "ಹೊಸದುರ್ಗದ ಮಕ್ಕಳೇ, ಅರ್ಥವಾಯಿತೇ? ಪ್ರಶ್ನೆಗಳಿವೆಯೇ?"

ಮೈಕು ಕೈಯಿಂದ ಕೈಗೆ ಹೋಗಿ ಕೊನೆಗೆ ಯಾರೋ ಒಬ್ಬರ ಹತ್ತಿರ ನಿಲ್ಲುತ್ತಿತ್ತು. "ಅರ್ಥ ಆಯ್ತು ಸಾರ್. ಪ್ರಶ್ನೆ ಇಲ್ಲ ಸಾರ್."

ಪರದೆ ಆರಿದ ಮೇಲೆ ಇದೇ ಮಕ್ಕಳು ನನ್ನ ಕಡೆ ತಿರುಗುತ್ತಿದ್ದರು. "ಮೇಡಂ, ಈಗ ನೀವು ಹೇಳ್ರಿ. ಒಂದೂ ತಲಿಗೆ ಹೋಗ್ಲಿಲ್ಲ."

"ಮತ್ತೆ ಆಗ್ಲೇ ಅರ್ಥ ಆಯ್ತು ಅಂದ್ರಲ್ಲೋ?"

"ವಯಸ್ಸಾದೋರು ಮೇಡಂ. ಅಷ್ಟೊತ್ತು ಹೇಳಿದಾರೆ. ಇಲ್ಲ ಅನ್ನಾಕಾಗ್ತೈತಾ?"

ನಾನು ಸೀಮೆಸುಣ್ಣ ಹಿಡಿದು ಮೊದಲಿಂದ ಶುರು ಮಾಡುತ್ತಿದ್ದೆ. ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂಬ ಬಾಯಿ ತುಂಬುವ ಹೆಸರಿನ ಪಾಠ ಬಂದಾಗ ಆ ಹುಡುಗಿಯನ್ನೇ ಎಬ್ಬಿಸಿ ಕೇಳಿದೆ: ಉಪ್ಪಿನ ರೇಟು ಏರಿದರೆ ನಿಮ್ಮವ್ವ ಸಾರಿಗೆ ಉಪ್ಪು ಕಡಿಮೆ ಹಾಕುತ್ತಾಳೇನೆ? ಇಲ್ಲ ಅಂದಳು. ಬಳೆಯ ರೇಟು ಏರಿದರೆ? ಮುಂದಿನ ಹಬ್ಬಕ್ಕೆ ಹಾಕಿಕೊಂಡರಾಯಿತು ಅಂತಾಳೆ ಮೇಡಂ, ಅಂದಳು. ಬೆಲೆ ಬದಲಾದಾಗ ಬೇಡಿಕೆ ಎಷ್ಟು ಅಲುಗಾಡುತ್ತದೆ, ಇಷ್ಟೇ ಕಣಮ್ಮ ಪಾಠ, ಕೂತುಕೋ ಎಂದೆ. ಇಡೀ ತರಗತಿ ನಕ್ಕಿತು. ಆ ನಗುವಿನಲ್ಲಿ ಪಾಠ ಒಳಗೆ ಹೋಯಿತೆಂದು ನನಗೆ ಗೊತ್ತಾಯಿತು. ಇದಕ್ಕಾಗಿಯೇ ನಾನು ಅಷ್ಟು ದೂರದಿಂದ ಬಸ್ಸಿನಲ್ಲಿ ಬರುತ್ತಿದ್ದದ್ದು.

ವರ್ಷದ ಕೊನೆಗೆ ಸುದ್ದಿ ಹಬ್ಬಿತು. ಹೊಳಲ್ಕೆರೆಯಲ್ಲಿ ನನ್ನ ಹಾಗೆಯೇ ಅತಿಥಿಯಾಗಿದ್ದ ಗೆಳತಿಯೊಬ್ಬಳು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕು ಹೇಳಿದಳು: "ಉಪಗ್ರಹ ಪಾಠ ಎಲ್ಲಿ ಚೆನ್ನಾಗಿ ನಡೀತೈತೋ ಅಲ್ಲಿ ಆ ಸಬ್ಜೆಕ್ಟಿಗೆ ಮುಂದಿನ ವರ್ಷದಿಂದ ನಮ್ಮನ್ನ ತಗಳಲ್ವಂತೆ ಕಣೇ. ನೋಡಾಕೆ ಬೆಂಗಳೂರಿಂದ ಬರ್ತಾರಂತೆ."

ನನಗೆ ಭಯವಾಯಿತು. ಜೊತೆಗೆ, ನಾಚಿಕೆಯಿಲ್ಲದೆ ಹೇಳುತ್ತೇನೆ, ಒಂದು ಬಗೆಯ ತೃಪ್ತಿಯೂ ಆಯಿತು. ನಾನು ಅಂದುಕೊಂಡದ್ದು ನಿಜವಾಗಿತ್ತಲ್ಲ. ಆ ದಿನ ಬಸ್ಸಿನಲ್ಲಿ ಹುಡುಗಿಯ ಬ್ಯಾಗು ಮಡಿಲಲ್ಲಿಟ್ಟುಕೊಂಡು ಅವಳಿಗೆ ಏನನ್ನೂ ಹೇಳಲಿಲ್ಲ. ನನ್ನ ಕೆಲಸ ಹೋದರೆ ಅವಳ ಓದು ನಿಲ್ಲುತ್ತದೆ. ಕೊನೆಯ ವರ್ಷ ಬಾಕಿ ಇತ್ತು ಅವಳಿಗೆ. ಅವಳಪ್ಪ ಕಿಟಕಿಯಲ್ಲಿ ನನ್ನ ಮುಖ ಕಾಣದೆ ಮಗಳನ್ನು ಬಸ್ಸು ಹತ್ತಿಸುವವರಲ್ಲ.

ಆದರೆ ಒಂದು ಧೈರ್ಯವಿತ್ತು. ಬರುವವರು ಮಕ್ಕಳನ್ನು ಕೇಳುತ್ತಾರೆ. ಮಕ್ಕಳು ಪರದೆಗೆ ಏನೇ ಹೇಳಲಿ, ಎದುರಿಗೆ ನಿಂತ ಮನುಷ್ಯ ಕೇಳಿದಾಗ ಇದ್ದದ್ದನ್ನು ಹೇಳುತ್ತಾರೆ, ದಿನಾ ನನಗೆ ಹೇಳುವ ಹಾಗೆ. ನಾನಾಗಿ ಅವರಿಗೆ ಏನನ್ನೂ ಕಲಿಸಿಕೊಡಬಾರದು ಎಂದು ತೀರ್ಮಾನಿಸಿದೆ. ಕಲಿಸಿಕೊಟ್ಟರೆ ಅದು ನನ್ನ ಹೊಟ್ಟೆಪಾಡಿನ ಮಾತಾಗುತ್ತದೆ. ನಿಜ ತಾನಾಗಿ ಬರಲಿ.

ಬಂದರು. ಜೀಪಿನಲ್ಲೇ ಬಂದರು. ಹಿಂದಿನ ದಿನ ಚರಿತ್ರೆಯ ಮೇಷ್ಟ್ರು ನನ್ನ ಮಕ್ಕಳನ್ನು ಜಗಲಿಯ ಮೂಲೆಯಲ್ಲಿ ಗುಂಪು ಕಟ್ಟಿಕೊಂಡು ಮೆಲ್ಲಗೆ ಏನೋ ಹೇಳುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ನನ್ನನ್ನು ನೋಡಿ ಅವರು ಮಾತು ನಿಲ್ಲಿಸಿದ್ದರು. ಮಕ್ಕಳೂ ಚದುರಿದ್ದರು. ಹಾಗಾಗಿ ಮರುದಿನ ತರಗತಿಯ ಬಾಗಿಲಲ್ಲಿ ನಿಂತಾಗ ನನ್ನ ಕಣ್ಣು ಸಾಹೇಬರಿಗಿಂತ ಹೆಚ್ಚಾಗಿ ಅವರ ಮೇಲೆಯೇ ಇತ್ತು.

ಸಾಹೇಬರು ಮೃದುವಾಗಿ ಮಾತಾಡುವವರು. ಕುರ್ಚಿ ಬೇಡವೆಂದು ಬೆಂಚಿನ ಮೇಲೆಯೇ ಕುಳಿತರು. "ಹೆದರ್ಕೋಬೇಡಿ. ನಿಮಗಾಗಿ ಮಾಡಿರುವ ವ್ಯವಸ್ಥೆ ಇದು. ಸರಿ ಇಲ್ಲ ಅಂದರೆ ಸರಿ ಇಲ್ಲ ಅಂತಲೇ ಹೇಳಿ. ಟೀವಿ ಪಾಠ ಅರ್ಥ ಆಗುತ್ತಾ?"

ಇಡೀ ತರಗತಿ ಎದ್ದು ನಿಂತಿತು. "ಆಗ್ತೈತೆ ಸಾರ್."

"ನಿಜವಾಗಿಯೂ?"

"ಚೆನ್ನಾಗೈತೆ ಸಾರ್."

ಅವರಿಗೂ ಸ್ವಲ್ಪ ಅನುಮಾನ ಬಂದಿರಬೇಕು. ಮುಂದಿನ ಬೆಂಚಿನಲ್ಲಿದ್ದ ನಮ್ಮ ಹುಡುಗಿಯನ್ನೇ ಎಬ್ಬಿಸಿದರು. ಬೇಡಿಕೆಯ ಸ್ಥಿತಿಸ್ಥಾಪಕತ್ವ ಅಂದರೇನಮ್ಮ ಎಂದು ಕೇಳಿದರು. ಅವಳು ಕಣ್ಣು ಮಿಟುಕಿಸದೆ ಹೇಳಿದಳು. ಉಪ್ಪಿನ ರೇಟು ಏರಿದರೂ ಸಾರಿಗೆ ಉಪ್ಪು ಕಡಿಮೆ ಹಾಕುವುದಿಲ್ಲ ಸಾರ್. ಬಳೆ ರೇಟು ಏರಿದರೆ ಮುಂದಿನ ಹಬ್ಬಕ್ಕೆ ಹಾಕಿಕೊಂಡರಾಯಿತು ಅನ್ನುತ್ತೇವೆ. ಬೆಲೆ ಬದಲಾದಾಗ ಬೇಡಿಕೆ ಎಷ್ಟು ಅಲುಗಾಡುತ್ತದೆ ಅನ್ನುವುದೇ ಸ್ಥಿತಿಸ್ಥಾಪಕತ್ವ. ಒಂದಕ್ಷರ ಬಿಡದೆ ನನ್ನ ಮಾತು, ನನ್ನ ದನಿಯ ಏರಿಳಿತ ಕೂಡ.

ಸಾಹೇಬರ ಮುಖ ಅರಳಿತು. ಜೊತೆಗೆ ಬಂದವರ ಕಡೆ ತಿರುಗಿ, "ನೋಡಿದ್ರಾ, ಹಳ್ಳಿ ಹುಡುಗಿ. ಎಷ್ಟು ಚೆನ್ನಾಗಿ ಪಾಠ ಮುಟ್ಟಿದೆ. ಉದಾಹರಣೆಗಳೂ ಎಷ್ಟು ಸರಳವಾಗಿ ಕೊಟ್ಟಿದ್ದಾರೆ ಸ್ಟುಡಿಯೋದವರು" ಅಂದರು.

ಬಾಗಿಲಲ್ಲಿ ನಿಂತ ನಾನು ಒಂದು ಹೆಜ್ಜೆ ಒಳಗಿಟ್ಟೆ. ಆ ಉಪ್ಪು ನನ್ನದು ಸಾರ್, ಆ ಬಳೆ ನನ್ನದು ಎಂದು ಹೇಳಬೇಕು. ಹೇಳಿದರೆ, ಈಗಷ್ಟೇ ಎದ್ದು ನಿಂತು ಆಗ್ತೈತೆ ಅಂದ ಮಕ್ಕಳೆಲ್ಲ ಸುಳ್ಳರಾಗುತ್ತಾರೆ, ಮೊದಲನೆಯವಳು ಆ ಹುಡುಗಿ. ಅವಳು ನನ್ನ ಕಡೆ ನೋಡಿ, ಸರಿಯಾಗಿ ಹೇಳಿದೆನಾ ಎಂಬಂತೆ ನಗುತ್ತಿದ್ದಳು. ನಾನು ತಲೆಯಾಡಿಸಿದೆ. ಚರಿತ್ರೆಯ ಮೇಷ್ಟ್ರು ಕಿಟಕಿಯಾಚೆ ನೋಡುತ್ತಾ ನಿಂತಿದ್ದರು. ಎಷ್ಟು ಚೆನ್ನಾಗಿ ಗಿಣಿಪಾಠ ಮಾಡಿಸಿದ್ದೀಯಪ್ಪ ಎಂದು ಮನಸ್ಸಿನಲ್ಲೇ ಅವರಿಗೆ ಹಿಡಿಶಾಪ ಹಾಕಿದೆ. ಆ ದಿನದಿಂದ ಅವರ ಜೊತೆ ಮಾತು ಬಿಟ್ಟೆ. ಬಸ್ಸಿನಲ್ಲಿ ಅವರು ಮುಂದೆ ಹತ್ತಿದರೆ ನಾನು ಹಿಂದೆ ಹತ್ತಿದೆ.

ಪರೀಕ್ಷೆಗೆ ಮುಂಚೆ ಪ್ರಿನ್ಸಿಪಾಲರು ಕರೆದು ಹೇಳಿದರು. ಅರ್ಥಶಾಸ್ತ್ರಕ್ಕೆ ಮುಂದಿನ ವರ್ಷ ಅತಿಥಿ ಇಲ್ಲ. ನಮ್ಮ ಕಾಲೇಜಿನಲ್ಲಿ ಉಪಗ್ರಹ ಪಾಠ ತುಂಬಾ ಯಶಸ್ವಿಯಾಗಿದೆಯಂತೆ. ಅವರು ನನ್ನ ಮುಖ ನೋಡಲಿಲ್ಲ. "ನಂದೇನೂ ಇಲ್ಲಮ್ಮ ಇದ್ರಲ್ಲಿ" ಅಂದರು. ಅದನ್ನು ನಾನು ನಂಬಿದೆ.

ಕೊನೆಯ ದಿನ ಸಂಜೆ ವಾಪಸು ಬರುವ ಬಸ್ಸಿನಲ್ಲಿ ಅಷ್ಟು ಜನವಿರಲಿಲ್ಲ. ಹುಡುಗಿ ನನ್ನ ಪಕ್ಕದಲ್ಲೇ ಕುಳಿತಳು. ಬ್ಯಾಗು ಮಾತ್ರ ಅಭ್ಯಾಸದಂತೆ ನನ್ನ ಮಡಿಲಿಗೇ ಬಂತು. ಅವಳಿಗೆ ವಿಷಯ ಗೊತ್ತಾಗಿತ್ತು. ಹೊಸದುರ್ಗ ದಾಟಿದ ಮೇಲೆ ಕೇಳಿದಳು.

"ಹಿಸ್ಟ್ರಿ ಸಾರ್ ಹೇಳಿದ್ದು ನಿಜಾನೇನಾ ಮೇಡಂ?"

"ಅವ್ರು ಏನ್ ಹೇಳಿದ್ರು?"

"ಸಾಹೇಬ್ರು ಬರಾ ಹಿಂದಿನ್ ದಿನ ನಮ್ಮನ್ನೆಲ್ಲ ಕರ್ದು, ಪಾಠ ಅರ್ಥ ಆಗ್ತಿಲ್ಲ ಅಂತ್ಲೇ ಹೇಳ್ರಿ, ಇಲ್ಲಾಂದ್ರೆ ನಿಮ್ ಮೇಡಂನ ತೆಗ್ದು ಬಿಡ್ತಾರೆ ಅಂದ್ರು."

ನಾನು ಅವಳ ಕಡೆ ತಿರುಗಿದೆ. "ಮತ್ಯಾಕೆ ಹೇಳ್ಲಿಲ್ಲ ನೀವು?"

"ನಾವು ನಂಬ್ಲಿಲ್ಲ ಮೇಡಂ. ಟೀವಿ ಕೀಲಿಕೈ ಇರಾದೇ ಅವ್ರ ಹತ್ರ. ಅವ್ರೇ ಬಂದು ಟೀವಿ ಸರಿ ಇಲ್ಲ ಅನ್ರಿ ಅಂದ್ರೆ ಇದ್ರಲ್ಲಿ ಏನೋ ಐತೆ ಅಂತ ಮಾತಾಡ್ಕೊಂಡ್ವಿ. ಅರ್ಥ ಆಗ್ತಿಲ್ಲ ಅಂದ್ರೆ, ಮತ್ತೆ ನಿಮ್ ಮೇಡಂ ಏನ್ ಮಾಡ್ತಿದ್ರು ಅಂತ ಕೇಳ್ತಾರಲ್ವಾ? ನಿಮ್ಮನ್ನೇ ಹಿಡ್ಕಂತಾರೆ. ನಮ್ಮಪ್ಪ ಯಾವಾಗ್ಲೂ ಹೇಳ್ತಾರೆ ಮೇಡಂ, ಜೀಪಲ್ಲಿ ಬಂದೋರು ಏನ್ ಕೇಳಿದ್ರೂ ಎಲ್ಲಾ ಚೆನ್ನಾಗೈತೆ ಅನ್ಬೇಕು, ಆಗ ನಮ್ಮೋರು ಉಳ್ಕಂತಾರೆ ಅಂತ."

ಅವಳ ಕಣ್ಣಲ್ಲಿ ನೀರಿತ್ತು. ನನಗೆ ಆದಿವಾಲದ ಕಟ್ಟೆಯೂ, ಅಪ್ಪನ ದೊಡ್ಡ ದನಿಯೂ ನೆನಪಾದವು. ಹಿರಿಯೂರು ತಾಲ್ಲೂಕಾದರೇನು, ಹೊಳಲ್ಕೆರೆಯಾದರೇನು, ನಮ್ಮ ಅಪ್ಪಂದಿರೆಲ್ಲ ಒಂದೇ ಶಾಲೆಯಲ್ಲಿ ಓದಿದವರು. ನನ್ನನ್ನು ಉಳಿಸಿಕೊಳ್ಳಲಿಕ್ಕೆ ಅಷ್ಟೂ ಮಕ್ಕಳು ಒಟ್ಟಾಗಿ ಸುಳ್ಳು ಹೇಳಿದ್ದರು. ಅದು ನಿಜವೆಂದು ಕಾಣಲಿ ಎಂದು ನಾನು ಕಲಿಸಿದ್ದನ್ನೆಲ್ಲ ಪರದೆಯ ಹೆಸರಿಗೆ ಬರೆದುಕೊಟ್ಟಿದ್ದರು. ಬೈಯಲು ಯಾರೂ ಸಿಗಲಿಲ್ಲ. "ಚೆನ್ನಾಗ್ ಹೇಳಿದೆ ಬಿಡು ಆ ದಿನ" ಎಂದೆ.

ಕ್ರಾಸಿನಲ್ಲಿ ಅವಳಪ್ಪ ಕಾಯುತ್ತಿದ್ದರು. ಮುಂದಿನ ವರ್ಷವೂ ಕಳಿಸಬೇಕು, ಬಸ್ಸಿನಲ್ಲಿ ಬೇರೆ ಹುಡುಗಿಯರೂ ಇರುತ್ತಾರೆ ಎಂದು ಕಿಟಕಿಯಿಂದಲೇ ಕೂಗಿ ಹೇಳಿದೆ. "ಕಳಿಸ್ತೀನಿ ಮೇಡಂ, ಕಳಿಸ್ದೆ ಏನು" ಅಂದರು.

ನನಗೆ ಹಿರಿಯೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕೆಲಸವಾಯಿತು. ಹೊಸದುರ್ಗದ ದಾರಿ ತಪ್ಪಿತು. ಮಳೆಗಾಲ ಮುಗಿಯುವ ಹೊತ್ತಿಗೆ ಚರಿತ್ರೆಯ ಮೇಷ್ಟ್ರಿಗೆ ಚಿತ್ರದುರ್ಗಕ್ಕೆ ವರ್ಗವಾಗಿ, ಬೀಳ್ಕೊಡುಗೆಗೆ ಬರಲೇಬೇಕೆಂದು ಅವರೇ ಫೋನು ಮಾಡಿದರು. ಹೋದೆ. ಊಟದ ಹೊತ್ತಿನಲ್ಲಿ ಕೇಳಿದೆ, ಆ ದಿನ ಮಕ್ಕಳಿಗೆ ಹೇಳಿದ್ದನ್ನು ನನಗೇ ಮೊದಲು ಹೇಳಬಹುದಿತ್ತಲ್ಲ ಸಾರ್.

"ಹೇಳಿದ್ರೆ ನಂಬ್ತಿದ್ರಾ ಮೇಡಂ?" ಅಂದರು ನಗುತ್ತಾ.

ಯೋಚಿಸಿ ನೋಡಿದೆ. ಇಲ್ಲ. ಅವರ ಆ ನಗುವನ್ನೂ ನಾನು ಪೂರ್ತಿ ನಂಬಿರಲಿಲ್ಲ.

ಹಳೆಯ ಮಕ್ಕಳು ಸುತ್ತ ಸೇರಿದರು. ಅವರಲ್ಲಿ ಆ ಹುಡುಗಿ ಕಾಣಲಿಲ್ಲ. ಬರ್ತಾಳೇನ್ರೋ ಎಂದು ಕೇಳಿದೆ. "ಬರ್ತಾಳೆ ಮೇಡಂ, ಇವತ್ತು ಬಂದಿಲ್ಲ ಅಷ್ಟೇ" ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಒಟ್ಟಿಗೆ ಹೇಳಿದ್ದು ನನಗೆ ಸೇರಲಿಲ್ಲ.

ಆ ದಿನ ಹೊಸದುರ್ಗದಲ್ಲಿ ಸಂತೆ. ಹಿಂತಿರುಗುವಾಗ ಬಸ್ಸು ಕಿಕ್ಕಿರಿದಿತ್ತು. ನನಗೆ ಹೇಗೋ ಕಿಟಕಿಯ ಸೀಟು ಸಿಕ್ಕಿತ್ತು. ಸಂತೆ ಮುಗಿಸಿದವರು ನುಗ್ಗುತ್ತಿದ್ದರು. ಯಾರೋ ನಿಂತಲ್ಲಿಂದಲೇ, "ಇದೊಂಚೂರು ಇಟ್ಕಳ್ರಿ" ಎಂದು ನನ್ನ ಮಡಿಲಿಗೆ ಒಂದು ಬ್ಯಾಗು ಇಟ್ಟರು. ತಲೆಯೆತ್ತಿ ನೋಡುವ ಮೊದಲೇ ನನ್ನ ಸೀರೆ ಅದಕ್ಕೆ ಸಿಕ್ಕಿಕೊಂಡಿತು. ನೇರಳೆ ಬಣ್ಣದ ಬ್ಯಾಗು. ಪಿನ್ನುಗಳ ನಡುವಿನಿಂದ ಬದನೆಕಾಯಿಯ ತೊಟ್ಟುಗಳೂ, ಮಣ್ಣು ಮೆತ್ತಿದ ಗೆಣಸೂ ಕಾಣುತ್ತಿದ್ದವು.

ತಲೆಯೆತ್ತಿದೆ. ಅವಳಪ್ಪ. ಅವರಿಗೂ ಆಗಲೇ ನನ್ನ ಗುರುತು ಹತ್ತಿತ್ತು.

"ಓ, ಮೇಡಂ ಅವ್ರು. ಆರಾಮಿದೀರಾ?"

"ಆರಾಮ್. ಮಗಳು ಹೆಂಗಿದಾಳೆ? ಕಾಲೇಜಿಗೆ ಹೋಗ್ತಿದಾಳಾ?"

ಅವರು ಮೇಲಿನ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ನನ್ನ ಮುಖ ನೋಡಿದರು, ಬ್ಯಾಗು ನೋಡಲಿಲ್ಲ.

"ಹೋಗ್ತಾಳೆ ಮೇಡಂ. ಟೀವೀಲೇ ಎಲ್ಲಾ ಅರ್ಥ ಆಗ್ತೈತಂತೆ. ಚೆನ್ನಾಗೈತೆ."

ನನ್ನನ್ನು ಅವರು ಜೀಪಿನವರ ಸಾಲಿಗೆ ಸೇರಿಸಿದ್ದರು. ಅದಕ್ಕಿಂತ ದೊಡ್ಡ ನೋವು ನನಗೆ ಆ ಕೆಲಸ ಹೋದಾಗಲೂ ಆಗಿರಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವರು ಇನ್ನೊಂದು ಒಳ್ಳೆಯ ಸುದ್ದಿ ಹೇಳುತ್ತಿದ್ದರು. ನಾನು ಕೇಳಲಿಲ್ಲ. ಕ್ರಾಸು ಬರುವವರೆಗೂ ಆ ಬ್ಯಾಗನ್ನು ಮಡಿಲಲ್ಲಿ ಹಿಡಿದುಕೊಂಡಿದ್ದೆ. ಅವರು ಇಳಿಯುವಾಗ ಸೀರೆಯನ್ನು ಪಿನ್ನಿನಿಂದ ಬಿಡಿಸಿಕೊಂಡು ಬ್ಯಾಗನ್ನು ಅವರ ಕೈಗೆ ಕೊಟ್ಟೆ.